ಸೀಲಪ್ಪ ಮೇಷ್ಟರ ಕಡತ

ಕೋಲಾರದ ನಗರಸಭೆಯ ಹಳೆ ಕಟ್ಟಡದಲ್ಲಿ
ಮೆಟ್ಟಿಲ ಕೆಳಗಿನ ಕೋಣೆ. ಇಡುವುದು ಯಾವುದು,
ಸುಡುವುದು ಯಾವುದು ಅಂತ
ಕಡತದ ಬೆನ್ನಿಗೆ ಚೀಟಿ ಅಂಟಿಸುವುದು ನನ್ನ ಕೆಲಸ.
ನೂರಕ್ಕೆ ತೊಂಬತ್ತು ಸುಡುವುದೇ.

ಈ ಕಟ್ಟು ಗೆದ್ದಲು ಮುಟ್ಟದೆ ಉಳಿದದ್ದು
ಯಾರೋ ಬೇವಿನ ಸೊಪ್ಪು ಇಟ್ಟಿದ್ದರಿಂದ.
ಎನ್. ಸೀಲಪ್ಪ, ಮಿಷನ್ ಶಾಲೆಯ ಹೆಡ್ ಮೇಷ್ಟರು,
ಮುನಿಸಿಪಲ್ ಮೆಂಬರು, ಮೂರು ದಸರೆ
ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗಿ ಬಂದವರು.
ಕಾಗದದ ಒಂದು ಮಗ್ಗುಲಲ್ಲಿ ಅರ್ಜಿ, ಮಗುಚಿದರೆ ಕೀರ್ತನೆ.
ಆಗ ಕಾಗದ ತುಟ್ಟಿ. ಎಲ್ಲೋ ಯುದ್ಧ ನಡೆದಿತ್ತು.

ಅಕ್ಷರ ಎರಡೂ ಕಡೆ ಒಂದೇ, ಮುಂದಕ್ಕೆ ವಾಲಿದ್ದು,
ಬಸ್ಸು ತಪ್ಪೀತೆಂದು ನಡೆಯುವವರ ಹಾಗೆ.
ಶಾಯಿ ಇಳಿದು ಈಚೆಗೂ ಬಂದಿದೆ.
'ಮಹಾಸ್ವಾಮಿಯವರ ಸನ್ನಿಧಾನಕ್ಕೆ' ಎಂಬುದರ ಬೆನ್ನಲ್ಲಿ
'ಸ್ವಾಮಿ, ಇಳಿದು ಬಾ' ತಲೆಕೆಳಗಾಗಿ ಕಾಣುತ್ತದೆ.

ನಾನು ಚರ್ಚಿನವನಲ್ಲ. ಷಟ್ಪದಿ ಮಾತ್ರ ಗೊತ್ತು,
ಏಳನೇ ಕ್ಲಾಸಿನಲ್ಲಿ ಬೆತ್ತದಿಂದ ಬಂದದ್ದು.
ಮೂರು ನಾಲ್ಕು ಮೂರು ನಾಲ್ಕು, ಗೀಟು ಹಾಕಿದ್ದಾರೆ ಮೇಷ್ಟರು
ಪ್ರತಿ ಅಕ್ಷರದ ತಲೆಯ ಮೇಲೆ.
ಅಂಚಿನಲ್ಲೊಂದು ಕಡೆ ತಮಗೇ ಬರೆದುಕೊಂಡದ್ದು:
'ಶಾನುಭೋಗರ ಜಗುಲಿಯ ಕೆಳಗೆ ನಿಂತು
ಕೇಳಿ ಕಲಿತೆ. ಹತ್ತು ಅನ್ನಲಿಲ್ಲ.
ಲೆಕ್ಕ ಮಾತ್ರ ಮೇಲಿನಿಂದ ಉದುರುತ್ತಿತ್ತು.'

ಬರೀ ಹೊಗಳುವಂಥದ್ದಲ್ಲ ಕಡತ. ರೆಸಿಡೆಂಟ್ ಸಾಹೇಬರು
ಚಿನ್ನದ ಗಣಿಯ ದಾರಿಯಲ್ಲಿ ಇಲ್ಲಿ ಇಳಿದ ದಿನ
ಇದೇ ಮೇಷ್ಟರು ಇದೇ ಭಾಮಿನಿಯಲ್ಲಿ
ಅವರನ್ನು ಸೂರ್ಯ ಅಂದರು, ಮಕ್ಕಳಿಂದ ಹಾಡಿಸಿದರು.
ಖರ್ಚು: ಹೂವಿಗೆ ಒಂದು ರೂಪಾಯಿ, ಕಡಲೆಪುರಿಗೆ ಆರಾಣೆ.
ಪಾಯಖಾನೆ ತೆರಿಗೆಗೂ ಕೈ ಎತ್ತಿದ್ದಾರೆ.
ಆ ಹಾಳೆಯ ಹಿಂದೆ ಕೀರ್ತನೆ ಇಲ್ಲ.

ಆಮೇಲೆ ಬಾವಿ.
ಸಂತೆಮಾಳದ ಸರ್ಕಾರಿ ಬಾವಿ. ಸುತ್ತ ಬೇಲಿ, ಬೇಲಿಗೆ ಬೀಗ.
ಕೇರಿಯ ಹೆಂಗಸರು ಸೇದುವಂತಿಲ್ಲ, ಯಾರಾದರೂ
ಹೊಯ್ಯುವವರೆಗೆ ಕಾಯಬೇಕು. ಆರು ಅರ್ಜಿ.
ಆರರ ಮೇಲೂ ಕೆಂಪು ಶಾಯಿ: ಪರಿಶೀಲಿಸಲಾಗುವುದು.
ಏಳನೆಯದು ಅರ್ಜಿಯೇ ಅಲ್ಲ,
ಒಂದು ಕೀರ್ತನೆಯ ನಾಲ್ಕನೆಯ ಚರಣ:

    ತೊರೆಯ ಹರಿಸಿದನಾರೊ ತಂದೆಯೆ
    ಸೆರೆಯೊಳಿಟ್ಟವನಾರೊ ನೀರನು
    ಬರಿಯ ಕೊಡದಲಿ ನಿಂತ ಮಕ್ಕಳ ಕರೆದು ಕುಡಿಸಯ್ಯಾ
    ಕರವ ತೆರುವೆವು ದೀಪದೆಣ್ಣೆಗೆ
    ಇರುಳು ಮಾತ್ರವೆ ನಮ್ಮ ಕೇರಿಗೆ
    ದೊರೆಯ ಕೇಳಿದೆ ನಿನ್ನ ಕೇಳುವೆ ಯಾರು ಕೊಡುವವರು

ದಸರೆಯ ಸಭೆಯಲ್ಲಿ ಇದನ್ನೇ ಓದಲು ಎದ್ದರಂತೆ.
ವರದಿಯಲ್ಲಿ ಒಂದು ಸಾಲು: 'ಕೋಲಾರದ ಮೆಂಬರು
ರಾಗ ಬಿಟ್ಟು ವಿಷಯಕ್ಕೆ ಬರತಕ್ಕದ್ದು (ನಗು).'
ಪಾದ್ರಿ ಹಾರ್ಗ್ರೀವ್ ದೊರೆಯ ಪೆನ್ಸಿಲು ಇನ್ನೂ ಮೆತ್ತಗೆ:
'ಮೂರು ಚರಣ ಅಚ್ಚಿಗೆ ಹೋಗಲಿ.
ನಾಲ್ಕನೆಯದರಲ್ಲಿ ದೀಪದೆಣ್ಣೆ ಯಾಕೆ, ಸೀಲಪ್ಪ?'
ಕೆಳಗೆ ಮೇಷ್ಟರ ಉತ್ತರ. ಅವರೇ ಹೊಡೆದುಹಾಕಿದ್ದು,
ಬೆಳಕಿಗೆ ಹಿಡಿದರೂ ಓದಲಾಗಲಿಲ್ಲ.

ಮುಂದಿನ ಚುನಾವಣೆ ಹನ್ನೊಂದು ವೋಟಿನಿಂದ ಹೋಯಿತು.
ಇನ್‌ಫ್ಲೂಯೆಂಜದ ಕಾರ್ತೀಕದಲ್ಲಿ ಮೇಷ್ಟರೂ ಹೋದರು.
ನಡಾವಳಿಯಲ್ಲಿ ಸಂತಾಪ ಒಂದೂವರೆ ಸಾಲು,
ಅದರ ಕೆಳಗೆ ಲಾಂದ್ರದ ಗಾಜು, ಎರಡು ಡಜನ್, ಖರೀದಿ.

ಹೋದ ಭಾನುವಾರ ಮಿಷನ್ ಕಾಂಪೌಂಡಿಗೆ ಹೋಗಿ,
ಚಪ್ಪಲಿ ಎಲ್ಲಿ ಬಿಡುವುದು ತಿಳಿಯದೆ, ಕೊನೆಯ ಬೆಂಚಿನಲ್ಲಿ ಕೂತೆ.
ಹಾಡಿದರು. ಇನ್ನೂರ ಹದಿನಾಲ್ಕು. ಮೂರು ಚರಣ.
ಹೆಸರಿನ ಜಾಗದಲ್ಲಿ 'ದೇಶೀಯ ಕವಿ' ಅಂತ ಅಚ್ಚಾಗಿದೆ.
ಹಾರ್ಮೋನಿಯಂ ನಿಲ್ಲಿಸಿದರು, ಜನ ಕೂತರು.
ತಿದಿಯಲ್ಲಿ ಗಾಳಿ ಉಳಿದಿತ್ತೇನೋ,
ಒಂದು ಸ್ವರ ತನ್ನಷ್ಟಕ್ಕೆ ಕೊಂಚ ಹೊತ್ತು ಎಳೆಯಿತು.

ಸಂತೆಮಾಳದ ಬಾವಿ ಈಗಿಲ್ಲ, ಮೇಲೆ ಮೊಬೈಲ್ ಅಂಗಡಿ.
ಟ್ಯಾಂಕರಿನವನು ಕೇರಿಗೆ ಇವತ್ತೂ ಕೊನೆಗೇ ಬರುವುದು.

ಸೋಮವಾರ ಚೀಟಿ ಬರೆಯಲು ಕೂತೆ.
ವಿಷಯ: ನೀರು ಸರಬರಾಜು ಅನ್ನಲೇ, ಧರ್ಮ ಅನ್ನಲೇ,
ಎರಡಕ್ಕೂ ಬೇರೆ ಬೇರೆ ಬೀರು.
ಇಡತಕ್ಕ ಅವಧಿ: ಖಾಲಿ ಬಿಟ್ಟೆ.
ಷರಾ ಅಂತ ಒಂದು ಕಾಲಂ ಇರುತ್ತದೆ, ಯಾರೂ ತುಂಬುವುದಿಲ್ಲ.
ಅಲ್ಲಿ 'ಉತ್ತರ ಬಾಕಿ' ಅಂತ ಬರೆದು
ಬೇವಿನ ಸೊಪ್ಪಿಗೆಂದು ಹೊರಗೆ ಹೋದೆ.